ಕದ್ದ ನೀರಿನ ಆರತಿ

ನನ್ನ ಮೇಲೆ ಒಂದು ಕೇಸಿತ್ತು. ನಗಬೇಡಿ, ನಿಜವಾದ ಕೇಸು, ಬಂಗಾರಪೇಟೆ ಕೋರ್ಟಿನದು. ನಾನು ಕದ್ದದ್ದು ಒಂದು ಬಿಂದಿಗೆ ನೀರು.

ಬೇತಮಂಗಲದ ಕೆರೆಯಿಂದ ಚಿನ್ನದ ಗಣಿಗೆ ಹೋಗುವ ದೊಡ್ಡ ಪೈಪು ನಮ್ಮೂರ ಹೊಲಗಳನ್ನು ಹಾದೇ ಹೋಗುತ್ತಿತ್ತು. ಕಿವಿಯಿಟ್ಟರೆ ಒಳಗೆ ನೀರು ಓಡುವ ಸದ್ದು ಕೇಳಿಸೋದು. ಊರಿಗೆ ಮಾತ್ರ ಒಂದು ನಲ್ಲಿ ಇಲ್ಲ. ಬಾವಿ ನೀರು ಉಪ್ಪು, ಬೇಸಿಗೆಯಲ್ಲಿ ಅದೂ ಕೆಸರು. ನಮ್ಮ ಹೊಲದ ಬದುವಿನ ಹತ್ತಿರ ಪೈಪಿಗೊಂದು ವಾಲ್ವು ಇತ್ತು. ಅದರ ಸಂದಿಯಿಂದ ನೀರು ತೊಟ್ಟಿಕ್ಕೋದು. ಊರ ಹೆಂಗಸರೆಲ್ಲ ಸರದಿ ಹಾಕಿಕೊಂಡು ಅದರ ಕೆಳಗೆ ಬಿಂದಿಗೆ ಇಟ್ಟು ಕಾಯುತ್ತಿದ್ದೆವು. ಒಂದು ಬಿಂದಿಗೆ ತುಂಬೋ ಹೊತ್ತಿಗೆ ಒಂದು ಸಾಲು ರಾಗಿಗೆ ಕಳೆ ಕಿತ್ತು ಮುಗಿಸಬಹುದಿತ್ತು.

ಪೈಪು ಕಾಯುವವನು ಪೊಲೀಸಿನವರನ್ನು ಕರೆದುಕೊಂಡು ಬಂದ ದಿನ ಸರದಿ ನನ್ನದು. ಮಿಕ್ಕವರು ಓಡಿದರು. ನಾನು ಐದು ತಿಂಗಳ ಬಸುರಿ, ಓಡಲಿಲ್ಲ. ಓಡುವ ಮನಸ್ಸೂ ಇರಲಿಲ್ಲ ಅನ್ನಿ. ಸೋರಿ ಹೋಗೋ ನೀರು ಹಿಡಿದರೆ ಕಳ್ಳತನವೇ? ಬಿಂದಿಗೆ ಕಿತ್ತುಕೊಂಡರು, ಹೆಸರು ಬರೆದುಕೊಂಡರು. ಕೆಲವು ದಿನಕ್ಕೆ ಸಮನ್ಸು ಬಂತು. "ನನ್ ಮೊಮ್ಮಗ ಜೈಲಲ್ಲೇ ಉಟ್ಟಬೇಕಾ?" ಅಂತ ನಮ್ಮತ್ತೆ ಒಲೆ ಮುಂದೆ ಕೂತು ಅತ್ತರು. ಹೊರಗೆ ಧೈರ್ಯ ತೋರಿಸುತ್ತಿದ್ದೆನಾದರೂ ನನಗೂ ಅದೇ ಭಯ ಇತ್ತು.

ಅದು ಚುನಾವಣೆ ಸಮಯ. ಹಿಂದಿನ ಸಲ ನಮ್ಮ ಆಂಜನೇಯನ ಗುಡಿ ಮುಂದೆ ನಿಂತು, ಗೆದ್ದರೆ ಊರಿಗೆ ನಲ್ಲಿ ಹಾಕಿಸುತ್ತೀನಿ ಅಂದಿದ್ದ ಮನುಷ್ಯ ಗೆದ್ದು, ಬೆಂಗಳೂರಲ್ಲಿ ಮಂತ್ರಿಯೂ ಆಗಿ, ಐದು ವರ್ಷ ಈ ಕಡೆ ತಲೆ ಹಾಕಿರಲಿಲ್ಲ. ಈಗ ಮತ್ತೆ ನಿಂತಿದ್ದ. ನಮ್ಮೂರಲ್ಲಿ ಅವನ ಪರವಾಗಿ ಓಡಾಡುತ್ತಿದ್ದವನು ಪಟೇಲರ ತಮ್ಮ. ಒಂದು ಬೆಳಿಗ್ಗೆ ನಮ್ಮ ಜಗಲಿ ಮೇಲೆ ಬಂದು ಕೂತ.

"ನಾಳಿದ್ದು ಸಾಹೇಬ್ರು ಬತ್ತಾರೆ. ನಿನ್ ಸೊಸೇನೇ ಆರತಿ ಎತ್ಲಿ," ಅಂದ ಅತ್ತೆಗೆ. "ಕೇಸಾಗಿರೋ ಎಂಗ್ಸೇ ಆರತಿ ಎತ್ತಿದ್ರೆ ಊರೆಲ್ಲ ಅವ್ರ ಕಡೆ ಐತೆ ಅಂತ ಗೊತ್ತಾಗ್ತದೆ. ಕೇಸು ತೆಗೆಸೋದು ಅವ್ರಿಗೆ ಒಂದು ಮಾತು."

ಅತ್ತೆ ಅಲ್ಲೇ ಕೈ ಮುಗಿದುಬಿಟ್ಟರು. ಸುಳ್ಳು ಯಾಕೆ ಹೇಳಲಿ, ಒಳಗೊಳಗೆ ನನಗೂ ಸಮಾಧಾನವಾಯಿತು.

ಮಾರನೇ ದಿನ ಎಂದಿನಂತೆ ಮೊಸರಿನ ಗಡಿಗೆ ಹೊತ್ತು ಗಣಿ ಕೆಲಸಗಾರರ ಲೈನ್ ಮನೆಗಳಿಗೆ ಹೋದೆ. ಮದುವೆಯಾಗಿ ಬಂದಾಗಿಂದ, ಏಳು ವರ್ಷ, ಅದೇ ನನ್ನ ದಾರಿ. ಮೊದಲ ಮನೆ ಒಬ್ಬ ತಮಿಳು ಅಕ್ಕನದು. ಅವಳ ಗಂಡನಿಗೆ ನೆಲದೊಳಗಿನ ಕೆಲಸ. ನನ್ನ ತಮಿಳೆಲ್ಲ ಅವಳ ಬಾಗಿಲಲ್ಲೇ ಕಲಿತದ್ದು. ಹೋದ ಹೊಸದರಲ್ಲಿ ಒಂದು ಸಲ ಅವಳು, "ಬಿಸಿಲಲ್ಲಿ ಬಂದಿದ್ದೀಯಾ, ನೀರು ಕುಡಿ," ಅಂದಿದ್ದಳು. ಬಾಯಾರಿಕೆ ಇಲ್ಲ ಅಂದೆ. ನಾಲಿಗೆ ಒಣಗಿತ್ತು. ಅವರ ಮನೆಯ ನೀರು ನಮ್ಮ ಜಾತಿಯವರು ಕುಡಿಯುವ ಹಾಗಿರಲಿಲ್ಲ. ನಮ್ಮ ಮೊಸರು ಅವರು ತಿನ್ನಬಹುದು, ಅವರ ನೀರು ನಾವು ಮುಟ್ಟಬಾರದು. ಅವಳಿಗೆ ಅರ್ಥವಾಯಿತು. ಆಮೇಲೆ ಅವಳು ಕೇಳಲಿಲ್ಲ, ನಾನೂ ಆ ಮಾತು ಎತ್ತಲಿಲ್ಲ.

ಅವತ್ತು ಅಕ್ಕನ ಮುಖ ಗಂಟಿಕ್ಕಿತ್ತು. ಬೆಳಗಿನ ಶಿಫ್ಟು ಬಿಟ್ಟ ಹೊತ್ತು, ಮೈದಾನದಲ್ಲಿ ಲಾರಿಯ ಮೇಲೆ ಮೈಕು ಹಿಡಿದು ಅದೇ ಮಂತ್ರಿ ಮಾತಾಡುತ್ತಿದ್ದ. ತಮಿಳಿನಲ್ಲಿ. ಅವನ ತಮಿಳು ಚೆನ್ನಾಗಿತ್ತು, ಅದನ್ನು ಒಪ್ಪಬೇಕು. "ಬೇತಮಂಗಲದ ಪ್ರತಿ ಹನಿಯೂ ನಿಮ್ಮದು. ಹಳ್ಳಿಯವರು ಪೈಪು ಒಡೆದು ಕದಿಯುವುದರಿಂದಲೇ ನಿಮ್ಮ ನಲ್ಲಿ ಒಣಗಿದೆ. ಆ ಕಳ್ಳರ ಮೇಲೆ ಕೇಸು ಹಾಕಿಸಿದವನು ನಾನು. ನನ್ನ ಕೆಲಸ ನೋಡಿ ಓಟು ಹಾಕಿ."

ನಾನು ಗಡಿಗೆ ಇಳಿಸಿದವಳು ಇಳಿಸಿದ ಹಾಗೇ ನಿಂತೆ. ಈ ಮನುಷ್ಯ ಸರ್ಕಾರದಲ್ಲಿದ್ದು ಮಾಡಿದ ಘನಕಾರ್ಯ ನಾನೇ. ಇಲ್ಲಿ ನನ್ನ ಕೇಸು ತೋರಿಸಿ ಓಟು, ಊರಲ್ಲಿ ನನ್ನ ಕೇಸು ತೆಗೆಸಿ ಓಟು. ಮೈಯೆಲ್ಲ ಉರಿದುಹೋಯಿತು.

"ತಯಿರುಕಾರಮ್ಮಾ, ಕದಿಯೋದು ನೀವೇನಾ?" ಅಂತ ಅಕ್ಕ ಕೇಳಿದಳು. ಮೊಸರು ಮಾರುವವಳು ಅಂತ ಅವಳು ನನ್ನನ್ನು ಕರೆಯುತ್ತಿದ್ದುದೇ ಹಾಗೆ. "ಇನ್ಮೇಲೆ ನಿನ್ನ ಹತ್ರ ಮೊಸರು ತಗೋಬೇಡ ಅಂತ ಲೈನೆಲ್ಲ ಮಾತಾಡ್ತಿದೆ."

ಎಲ್ಲ ಹೇಳಿದೆ. ವಾಲ್ವು, ತೊಟ್ಟು, ಬಿಂದಿಗೆ, ಪೊಲೀಸು, ಹೊಟ್ಟೆಯಲ್ಲಿರುವ ಮಗು, ಆರತಿ. ಅವಳು ಬೀದಿ ನಲ್ಲಿಯ ಕಡೆ ಕೈ ತೋರಿಸಿದಳು. ಅದರ ಕೆಳಗೆ ಖಾಲಿ ಕೊಡಗಳ ಸಾಲು.

"ಐದು ವರ್ಷದ ಹಿಂದೆಯೂ ಇದರಲ್ಲಿ ಅರ್ಧ ಗಂಟೆ ನೀರು. ಇವತ್ತಿಗೂ ಅರ್ಧ ಗಂಟೆ," ಅಂದಳು. "ನೀನು ಹಿಡಿದ ತೊಟ್ಟಿನಿಂದ ನನ್ನ ನಲ್ಲಿ ಒಣಗ್ತದಾ? ಮಂತ್ರಿಯಾಗಿ ಇವನು ಮಾಡಿದ್ದೇನು?" ಎಂದಿನಂತೆ ಪಾತ್ರೆ ಚಾಚಿ ಮೊಸರು ಹಾಕಿಸಿಕೊಂಡಳು. ಪಕ್ಕದ ಮನೆಯವಳು ನೋಡಲಿ ಅಂತಲೇ ಬಾಗಿಲಲ್ಲಿ ನಿಂತು ಹಾಕಿಸಿಕೊಂಡಳು.

ನಾಳಿದ್ದು ಬಂತು, ಜೀಪೂ ಬಂತು. ಗುಡಿ ಮುಂದೆ ಊರೆಲ್ಲ ಸೇರಿತ್ತು. ಅರಿಶಿನ ಸುಣ್ಣ ಕಲಸಿದ ಕೆಂಪು ನೀರಿನ ತಟ್ಟೆ ನನ್ನ ಕೈಯಲ್ಲಿ, ಅತ್ತೆ ಪಕ್ಕದಲ್ಲಿ. ಅವನು ಇಳಿದು ನಗುತ್ತಾ ಬಂದು ಎದುರಿಗೆ ನಿಂತ. ನಾನು ತಟ್ಟೆ ಎತ್ತಲಿಲ್ಲ.

ಮೈದಾನದಲ್ಲಿ ಕೇಳಿದ್ದನ್ನು ಮೊದಲು ತಮಿಳಿನಲ್ಲೇ ಹೇಳಿದೆ. ಅವನ ನಗು ಅಲ್ಲೇ ನಿಂತಿತು. ಆಮೇಲೆ ಊರಿಗೆ ಕೇಳಿಸೋ ಹಾಗೆ ಕನ್ನಡದಲ್ಲಿ ಹೇಳಿದೆ. ನೀರೆಲ್ಲ ಗಣಿಯವರದಂತೆ, ನಾವು ಕಳ್ಳರಂತೆ, ನನ್ನ ಮೇಲಿನ ಕೇಸೇ ಇವರು ಮಾಡಿದ ಕೆಲಸವಂತೆ.

"ಯಾರೋ ತಪ್ಪು ಹೇಳಿಕೊಟ್ಟಿದಾರೆ ಕಣಮ್ಮಾ," ಅಂದ. "ನಿಮ್ಮೂರ ನಲ್ಲಿ ಕೆಲಸ ನಡೀತಾ ಇದೆ. ಕಾಗದ ಬೆಂಗಳೂರಲ್ಲಿದೆ."

"ಕಾಗದ ಹಿಂಡಿದ್ರೆ ನೀರು ಬರ್ತದಾ ಸ್ವಾಮಿ?" ಅಂದೆ. "ಹೋದ ಸಲ ಇಲ್ಲೇ ನಿಂತು ಮಾಡ್ತೀನಿ ಅಂದಿರಿ, ನಂಬಿದ್ವಿ. ಈಗ ಮಾಡ್ತೀನಿ ಅನ್ನಬೇಡಿ. ಐದು ವರ್ಷ ಸರ್ಕಾರ ನಿಮ್ಮ ಕೈಲಿತ್ತು. ಏನು ಮಾಡಿದ್ರಿ, ಅದು ಹೇಳಿ."

ಪಟೇಲರ ತಮ್ಮ ಹಲ್ಲು ಕಡಿದ. "ಲೇ, ಆರತಿ ಎತ್ತು ಮೊದಲು. ಕೇಸು ನೆಪ್ಪೈತಾ?"

"ಐತೆ," ಅಂದೆ. "ಬಾವಿಯಾಗೆ ಕೆಸರು. ಈ ಆರತಿಗೆ ಕಲಸಿರೋದೂ ವಾಲ್ವಿನ ನೀರೇ. ಕದ್ದದ್ದು. ಇದನ್ನೂ ಕೇಸಿಗೆ ಸೇರಿಸ್ಕೊಳ್ಳಿ."

ಯಾರೋ ಕಿಸಕ್ಕನೆ ನಕ್ಕರು. ಅತ್ತೆ ಬೈಯುತ್ತಾರೆ ಅಂದುಕೊಂಡೆ. ಅವರು ನನ್ನ ಕೈಯಿಂದ ತಟ್ಟೆ ತಗೊಂಡು, ಜೀಪಿನ ಗಾಲಿಯ ಹತ್ತಿರ ನೀರು ಚೆಲ್ಲಿ, "ನಡಿಯೇ ಮನೆಗೆ," ಅಂದರು. ದಾರಿಯುದ್ದಕ್ಕೂ ಬೈದರು, ಅದು ಬೇರೆ ಮಾತು.

ಅವನು ಗೆದ್ದ. ಗೆದ್ದರೆ ಗೆದ್ದ. ನನ್ನ ಓಟು ಅವನಿಗೆ ಬೀಳಲಿಲ್ಲ, ಅಷ್ಟು ನನಗೆ ಸಾಕು. ಕೇಸು ಯಾರೂ ತೆಗೆಸಲಿಲ್ಲ. ಹೊಟ್ಟೆ ಏಳು ತಿಂಗಳಿಗೆ ಬಂದಾಗ ಕೋರ್ಟಿನ ತಾರೀಖು ಬಂತು. ನೀರು ಹಿಡಿದದ್ದು ಹೌದೇ ಅಂತ ಮ್ಯಾಜಿಸ್ಟ್ರೇಟರು ಕೇಳಿದರು, ಹೌದು ಅಂದೆ. ಅವರು ನನ್ನ ಹೊಟ್ಟೆ ನೋಡಿದರು. ಜೈಲು ಹಾಕಲಿಲ್ಲ. ಸಂಜೆ ಕೋರ್ಟು ಏಳುವವರೆಗೂ ಅಲ್ಲೇ ನಿಂತಿರಬೇಕು, ಅದೇ ಶಿಕ್ಷೆ ಅಂದರು.

ನಿಂತೆ. ಕಾಲು ಊದಿಕೊಂಡವು, ಸೊಂಟ ಮುರಿದು ಬಂತು. ಮಧ್ಯಾಹ್ನ ಊಟಕ್ಕೆ ಬಿಟ್ಟಾಗ ಜವಾನ ಮರುಕಪಟ್ಟು ಜಗಲಿಗೆ ಬಿಟ್ಟ. ಅಲ್ಲಿ ಪಟೇಲರ ತಮ್ಮ ನಮ್ಮೂರಿನ ನಾಲ್ಕು ಜನರ ಜೊತೆ ಕೂತಿದ್ದ, ತಮಾಷೆ ನೋಡಕ್ಕೆ. ಕಂಬದ ಹತ್ತಿರ ಆ ತಮಿಳು ಅಕ್ಕ ನಿಂತಿದ್ದಳು. ಗಣಿಯ ಹತ್ತಿರದ ಮಾರಿಕುಪ್ಪಂ ಸ್ಟೇಷನ್ನಿನಿಂದ ರೈಲು ಹತ್ತಿ ಬಂದಿದ್ದಳು. ಕೈಯಲ್ಲಿ ಬಟ್ಟೆ ಮುಚ್ಚಿದ ಚೊಂಬು. ಅರ್ಧ ಗಂಟೆ ಮಾತ್ರ ಬರುವ ಆ ನಲ್ಲಿಯಿಂದ ಹಿಡಿದು ತಂದದ್ದು. ಕುಡಿ ಅನ್ನಲಿಲ್ಲ. ಚೊಂಬನ್ನು ನನ್ನ ಪಕ್ಕದಲ್ಲಿಟ್ಟು ಒಂದು ಹೆಜ್ಜೆ ಹಿಂದೆ ಸರಿದಳು.

ಆ ಒಂದು ಹೆಜ್ಜೆ ನೋಡಿ ನನಗೆ ನಾಚಿಕೆಯಾಯಿತು. ಮಂತ್ರಿ ಐದು ವರ್ಷ ಏನು ಮಾಡಿದ ಅಂತ ಊರ ಮುಂದೆ ಕೇಳಿದವಳು ನಾನು. ಏಳು ವರ್ಷ ಇವಳ ಬಾಗಿಲಲ್ಲಿ ನಾನೇನು ಮಾಡಿದ್ದೆ?

ಚೊಂಬು ಎತ್ತಿ, ಕಚ್ಚಿ ಕುಡಿದೆ. ಗಟಗಟ ಅಂತ, ಸೆರಗೆಲ್ಲ ನೆನೆಯೋ ಹಾಗೆ.

"ಏಯ್, ಯಾರ್ ನೀರು ಕುಡೀತಿದ್ದೀಯಾ ಗೊತ್ತಾ?" ಅಂತ ಪಟೇಲರ ತಮ್ಮ ಎದ್ದು ನಿಂತ.

ಬಾಯಿ ಒರೆಸಿಕೊಂಡೆ.

"ಗೊತ್ತು," ಅಂದೆ. "ನಮ್ ಹೊಲದ ಮೇಲೇ ಹಾದು ಹೋದ ನೀರು."