ಒಂದಂಚಿಗೆ ಮಾತ್ರ ಅಂಟು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ನ್ಯಾಯಾಲಯದ ಗ್ರಂಥಾಲಯದ ಹಿಂಬದಿಯ ಕೋಣೆಯಲ್ಲಿ ಕೆಟಲ್ ಸದ್ದು ಮಾಡುತ್ತಿದೆ. ಎಲ್ಲರೂ ಗೋಂದಕ್ಕ ಎಂದು ಕರೆಯುವ ಹೆಂಗಸು ದಪ್ಪ ಸಂಪುಟವೊಂದನ್ನು ಬಿಡಿಸಿ, ಒಂದೇ ಒಂದು ಹಾಳೆಯನ್ನು ಹಬೆಗೆ ಒಡ್ಡಿ ನಿಂತಿದ್ದಾರೆ. ಹಾಳೆಯ ಮೇಲೊಂದು ಚೀಟಿ ಅಂಟಿದೆ. ಅದು ಬಿಡಬೇಕು, ಕೆಳಗಿನ ಅಕ್ಷರ ಉಳಿಯಬೇಕು.

ಬಾಗಿಲ ಬಳಿಯ ಬೆಂಚಿನಲ್ಲಿ ಲಾಂಡ್ರಿ ಕೆಲಸಗಾರರೊಬ್ಬರು ಬಲಗೈಯನ್ನು ಜೇಬಿನಲ್ಲಿಟ್ಟು ಕೂತಿದ್ದಾರೆ. ಆ ಕೈಯ ಮೂರು ಬೆರಳುಗಳನ್ನು ಇಸ್ತ್ರಿ ಯಂತ್ರದ ರೋಲರ್ ನುಂಗಿದೆ. ಅವರ ಪರಿಹಾರದ ಮೇಲ್ಮನವಿ ಇಂದು ಬೆಳಿಗ್ಗೆ ವಿಚಾರಣೆಗೆ ಬರುತ್ತದೆ.

ಸರ್ಕಾರ ನಿಯಮವೊಂದನ್ನು ಬದಲಿಸಿದಾಗ ಹೊಸ ನಿಯಮ ಚೀಟಿಯಾಗಿ ಅಚ್ಚಾಗಿ ಬರುತ್ತದೆ. ಅದನ್ನು ನಿಯಮಾವಳಿಯಲ್ಲಿ ಹಳೆಯದರ ಮೇಲೆ ಅಂಟಿಸುವುದು ಗೋಂದಕ್ಕನ ಕೆಲಸ. ದಿನಕ್ಕೆ ಮೂವತ್ತೋ ನಲವತ್ತೋ ಚೀಟಿ. ಎಡದಂಚಿಗೆ ಮಾತ್ರ ಅಂಟು ಸವರುತ್ತಾರೆ. ಉಳಿದ ಭಾಗ ಬಾಗಿಲಿನಂತೆ ತೆರೆಯಬೇಕು. ವಕೀಲರಿರಲಿ, ಪ್ರಬಂಧ ಬರೆಯುವ ವಿದ್ಯಾರ್ಥಿಗಳಿರಲಿ, ನಿಯಮವನ್ನು ಉಲ್ಲೇಖಿಸುವಾಗ ಬರೀ ಸಂಖ್ಯೆ ಕೊಟ್ಟರೆ ಸಾಲದು. ಯಾವ ದಿನ ಜಾರಿಯಲ್ಲಿದ್ದ ನಿಯಮ ಎಂಬುದನ್ನೂ ಹೇಳಬೇಕು.

"ಇವತ್ತಿನ ನಿಯಮ ಹಿಡ್ಕೊಂಡು ಅವತ್ತು ನಡೆದದ್ದನ್ನ ಅಳೆಯೋಕಾಗಲ್ಲ" ಎನ್ನುತ್ತಾರೆ ಗೋಂದಕ್ಕ. "ನಾನೀಗ ಹಾಕ್ಕೊಂಡಿರೋ ಕನ್ನಡಕನ ನನ್ನ ಮದುವೆ ಫೋಟೋದಲ್ಲಿ ಹುಡುಕಿದ್ರೆ ಸಿಗುತ್ತಾ?"

ಕೆಲಸಗಾರರ ಬೆರಳು ಹೋದಾಗ, ರೋಲರಿಗೆ ಕವಚ ಹಾಕಿಸುವುದು ಮಾಲೀಕನ ಹೊಣೆಯಾಗಿತ್ತು. ಮರುವರ್ಷ ತಿದ್ದುಪಡಿಯಾಗಿ ಆ ಹೊಣೆ ಕೆಲಸಗಾರನ ಎಚ್ಚರದ ಮೇಲೆ ಬಿತ್ತು. ಕಂಪ್ಯೂಟರಿನಲ್ಲಿ ಈಗಿನದಷ್ಟೇ ಸಿಗುತ್ತದೆ, ಮಾಲೀಕನ ಕಡೆಯವರು ಅದನ್ನೇ ಉಲ್ಲೇಖಿಸಿದ್ದಾರೆ. ಮೂಲ ಪ್ರತಿ ದೂರದ ಉಗ್ರಾಣದಲ್ಲಿದೆ, ಅರ್ಜಿ ಹಾಕಿದರೆ ಬರಲು ವಾರಗಳು ಬೇಕು. ಕೆಲಸಗಾರರ ವಕೀಲೆ ಈ ಸಂಪುಟವನ್ನೇ ನಂಬಿ ಬಂದಿದ್ದಾರೆ. ತೆರೆದು ನೋಡಿದರೆ, ಆ ಒಂದು ಚೀಟಿಯ ಬೆನ್ನಿಗೆಲ್ಲ ಅಂಟು ಬಳಿದಿದೆ.

ಬಳಿದದ್ದು ಗೋಂದಕ್ಕನ ಅತ್ತೆ, ಸೊಸೆಗೆ ಈ ಕೆಲಸ ಕಲಿಸಿದವರು. "ಆ ವಾರ ತಪಾಸಣೆ ಇತ್ತಂತೆ. ಚೀಟಿ ಹಾರಾಡ್ತಿದ್ರೆ ಸಾಹೇಬ್ರಿಗೆ ಆಗ್ತಿರ್ಲಿಲ್ಲ. ನಮ್ಮತ್ತೆ ಒತ್ತಿಬಿಟ್ಟಿದ್ದಾರೆ. ಅವರು ಅಂಟಿಸಿದ್ದನ್ನ ಯಮ ಬಂದ್ರೂ ಕೀಳೋಕಾಗಲ್ಲ."

ಗೋಂದಕ್ಕ ಅತ್ತೆಗೆ ಫೋನ್ ಮಾಡಿ ವಿಷಯ ಹೇಳುತ್ತಾರೆ.

"ಏನೇ, ಕೋಳಿ ಕೂಗೋಕೆ ಮುಂಚೇನೇ ನನ್ನ ಮಾನ ಹರಾಜು ಹಾಕ್ತಿದ್ದೀಯಾ?"

"ನಿಮ್ಮ ಮಾನ ಗಟ್ಟಿ ಇದೆ ಅತ್ತೆ, ಬಿಟ್ಕೊಳ್ತಾನೇ ಇಲ್ಲ. ಯಾವ ಅಂಟು ಹಾಕಿದ್ರಿ?"

"ಬಾಟಲಿದು ನಮಗೆಲ್ಲಿ ಕೊಡ್ತಿದ್ರು? ಮೈದಾ ಕುದಿಸಿದ್ದು. ಉಗುರು ಹಾಕ್ಬೇಡ. ಎರಡೂ ಕಡೆ ಹಬೆ ಹಿಡಿ. ಅದಾಗೇ ಏಳೋವರೆಗೂ ಕೈ ಕಟ್ಕೊಂಡು ನಿಂತ್ಕೋ."

ಗೋಂದಕ್ಕ ಹಾಳೆಯನ್ನು ಮಗುಚಿ ಇನ್ನೊಂದು ಬದಿಗೂ ಹಬೆ ಹಿಡಿಯುತ್ತಾರೆ. ಈ ಕೆಲಸದ ಬಹುಪಾಲು ಹೀಗೆ ಕಾಯುವುದೇ. ಬೆಂಚಿನ ಮೇಲಿನವರು ಪುಸ್ತಕದ ಕಡೆ ನೋಡದೆ ಕೆಟಲನ್ನೇ ನೋಡುತ್ತಿದ್ದಾರೆ. ಕೊನೆಗೆ ಚೀಟಿಯ ಒಂದು ಮೂಲೆ ತಾನಾಗಿ ಸುರುಳಿಯಾಗುತ್ತದೆ. ಗೋಂದಕ್ಕ ಅಡಿಪಟ್ಟಿಯನ್ನು ಒಳಗೆ ತೂರಿಸಿ, ಉಸಿರು ಬಿಗಿಹಿಡಿದು ಸರಿಸುತ್ತಾರೆ. ಚೀಟಿ ಏಳುತ್ತದೆ.

ವಕೀಲೆ ಬಾಗಿ ಓದುತ್ತಾರೆ: "ರೋಲರುಗಳಿಗೆ ಕವಚ ಒದಗಿಸುವುದು ಮಾಲೀಕನ ಹೊಣೆ."

"ಕೊನೇ ಸಾಲಲ್ಲಿ ಒಂದು ಪದ ಕಿತ್ಕೊಂಡು ಬಂದಿದೆ" ಎನ್ನುತ್ತಾರೆ ಗೋಂದಕ್ಕ.

"ಅದನ್ನೂ ಬರ್ಕೊಂಡೆ ಅಕ್ಕಾ. ಊಹೆ ಮಾಡಿ ತುಂಬಿದ್ರೆ ನ್ಯಾಯಾಧೀಶರು ಇರೋ ಪದಗಳನ್ನೂ ನಂಬಲ್ಲ." ವಕೀಲೆಯ ಟಿಪ್ಪಣಿಯಲ್ಲಿ ನಿಯಮದ ಸಂಖ್ಯೆ, ಸಂಪುಟ, ಪುಟ, ಜೊತೆಗೆ 'ತಿದ್ದುಪಡಿಗೆ ಮುನ್ನ ಇದ್ದಂತೆ, ಒಂದು ಪದ ಹರಿದಿದೆ' ಎಂಬ ಸಾಲು.

ಮಧ್ಯಾಹ್ನ ವಕೀಲೆ ಮತ್ತು ಕೆಲಸಗಾರರ ಜೊತೆ ಸಂಪುಟ ಹಿಂತಿರುಗುತ್ತದೆ. ಹಳೆಯ ನಿಯಮವೇ ಅನ್ವಯಿಸುತ್ತದೆ ಎಂದು ನ್ಯಾಯಾಧೀಶರು ಒಪ್ಪಿದ್ದಾರೆ. ಹೊಣೆ ಮಾಲೀಕನದು, ಪರಿಹಾರದ ಮೊತ್ತ ಮಾತ್ರ ಇನ್ನು ತೀರ್ಮಾನವಾಗಬೇಕು. ಗೋಂದಕ್ಕ ತಲೆಯಾಡಿಸಿ, ಚೀಟಿಯ ಎಡದಂಚಿಗೆ ತೆಳುವಾಗಿ ಅಂಟು ಸವರಿ ಅದನ್ನು ಮತ್ತೆ ಅದರ ಜಾಗದಲ್ಲಿ ಕೂರಿಸುತ್ತಾರೆ. ನಿಮಗೇನು ಬೇಕು ಎಂದು ವಕೀಲೆ ಕೇಳಿದಾಗ ಬೆರಳಿನ ಅಂಟು ಒರೆಸಿಕೊಳ್ಳುತ್ತಾರೆ. "ನಾನು ಹೋದ್ಮೇಲೆ ಬರೋರೂ ಒಂದಂಚಿಗೇ ಅಂಟಿಸ್ಲಿ. ಅಂದ ಚಂದ ಆಮೇಲೆ."

ಕೆಲಸಗಾರರು ಮೇಜಿನ ಬಳಿ ಬಂದು ಬಲಗೈಯನ್ನು ಜೇಬಿನಿಂದ ತೆಗೆಯುತ್ತಾರೆ. ಉಳಿದ ಎರಡು ಬೆರಳುಗಳಲ್ಲಿ ಚೀಟಿಯನ್ನು ಎತ್ತಿ, ಕೆಳಗಿನ ಸಾಲನ್ನು ನೋಡಿ, ಮತ್ತೆ ಇಳಿಸುತ್ತಾರೆ. ಇನ್ನೊಮ್ಮೆ ಎತ್ತುತ್ತಾರೆ.

"ಮೆಲ್ಲಗೆ" ಎನ್ನುತ್ತಾರೆ ಗೋಂದಕ್ಕ. "ಇನ್ನೂ ಒಣಗಿಲ್ಲ."