ಬಿಯರಿನವರ ವಂಶವೃಕ್ಷ

ಆ ಭಾನುವಾರ ನೆವಾರ್ಕಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬೆಳಗಿನಿಂದಲೂ ಫೋನ್ ಲೈನು ಇಂಟರ್ನೆಟ್ಟಿಗೆಂದು ನನ್ನ ಗಂಡನ ಕಂಪ್ಯೂಟರಿಗೇ ಮೀಸಲಾಗಿತ್ತು. ನಾನು ನೀರುದೋಸೆ ಹೊಯ್ಯುತ್ತಿದ್ದೆ.

“ಲೈನ್ ಬಿಡಿ ಮಾರಾಯ್ರೆ, ಅಮ್ಮ ಊರಿಂದ ಫೋನ್ ಮಾಡುವ ಹೊತ್ತು.”

“ಒಂದೇ ನಿಮಿಷ. ಬಿಯರಿನವರ ಫೋಟೋ ಬರ್ತಾ ಉಂಟು. ಈಗ ಟೊಪ್ಪಿ ಮಾತ್ರ ಬಂದಿದೆ.”

“ಮುಖ ಬರುವಾಗ ದೋಸೆ ತಣಿದು ಹೋಗ್ತದೆ.”

ಬಿಯರಿನವರು ಎಂದರೆ ಇಂಗ್ಲೆಂಡಿನ ಒಂದು ಹಳೆಯ ಮನೆತನ. ತಮ್ಮೂರಿನಲ್ಲಿ ಬಿಯರ್ ತಯಾರಿಸಿ ಪೀಪಾಯಿಗಳಲ್ಲಿ ಮಂಗಳೂರಿಗೆ ಕಳಿಸಿ, ಅಲ್ಲಿಂದ ಕಾಫಿ, ಕಾಳುಮೆಣಸು ಒಯ್ಯುತ್ತಿದ್ದವರು. ನನ್ನ ಗಂಡನ ಅಜ್ಜಿಯ ಸೋದರಮಾವ ಬಂದರಿನಲ್ಲಿದ್ದ ಅವರ ಗೋದಾಮಿನಲ್ಲಿ ಪೀಪಾಯಿ ರಿಪೇರಿ ಮಾಡುತ್ತಿದ್ದರಂತೆ. ಆ ಮಾವನ ಹೆಸರು ಮನೆಯಲ್ಲಿ ಯಾರಿಗೂ ನೆನಪಿರಲಿಲ್ಲ. ಇಂಗ್ಲಿಷರ ಕಾಗದಗಳಲ್ಲಿ ಎಲ್ಲಾದರೂ ಸಿಕ್ಕೀತು ಎಂಬುದು ಇವರ ಆಸೆ. ಆದರೆ ಆ ಕಾಗದಗಳು ಈಗ ಯಾರ ಬಳಿ ಇರಬಹುದೆಂದು ತಿಳಿಯಲು ಇವರು ಬರೆಯುತ್ತಿದ್ದ ಬಿಯರಿನವರ ವಂಶವೃಕ್ಷ ನಾಲ್ಕನೆಯ ತಲೆಮಾರಿನಲ್ಲಿ ನಿಂತುಬಿಟ್ಟಿತ್ತು. ಆ ಯಜಮಾನನಿಗೆ ಗಂಡುಮಕ್ಕಳಿರಲಿಲ್ಲ. ಬ್ರೂವರಿ ಮಾತ್ರ ಅದೇ ಹೆಸರಿನಲ್ಲಿ ಮುಂದೆಯೂ ನಡೆದಿತ್ತು. ನಡೆಸಿದವರು ಯಾರೆಂದು ಗೊತ್ತಿರಲಿಲ್ಲ.

ಮರುದಿನ ಮೆನ್ಲೋ ಪಾರ್ಕಿನ ಆಫೀಸಿನಲ್ಲಿ, ಮೀಟಿಂಗಿನ ನಡುವೆ, ಇವರ ಹೃದಯ ನಿಂತಿತು.

ಮೂರು ತಿಂಗಳು ನಾನು ಆ ಕಂಪ್ಯೂಟರ್ ಮುಟ್ಟಲಿಲ್ಲ. ಆಮೇಲೊಂದು ಮಧ್ಯಾಹ್ನ ಮಗಳು ತೆರೆದುಕೊಟ್ಟಳು. ಇವರು ಬರೆದಿಟ್ಟ ವಂಶವೃಕ್ಷದಲ್ಲಿ ಎಲ್ಲ ಗೆರೆಗಳೂ ಗಂಡುಮಕ್ಕಳವೇ. ಅಕ್ಕತಂಗಿಯರ ಹೆಸರಿನ ಕೆಳಗೆ ಏನೂ ಇಲ್ಲ. ನನಗೆ ಆಶ್ಚರ್ಯವಾಯಿತು. ನಮ್ಮ ಬಂಟರ ಮನೆಗಳಲ್ಲಿ ಆಸ್ತಿ, ಯಜಮಾನಿಕೆ ಎಲ್ಲ ಸೋದರಮಾವನಿಂದ ಅಳಿಯನಿಗೆ ಬಂದದ್ದು. ಅಂಥ ಮನೆಯಲ್ಲಿ ಹುಟ್ಟಿಯೂ ಇಂಗ್ಲಿಷರನ್ನು ಹುಡುಕುವಾಗ ಇವರಿಗೆ ಅದು ಹೊಳೆದೇ ಇರಲಿಲ್ಲ.

“ಆ ಕೊನೆಯ ಯಜಮಾನನಿಗೆ ತಂಗಿ ಇದ್ದಳಾ ನೋಡು,” ಎಂದೆ.

“ಅಮ್ಮಾ, ದೇ ಆರ್ ಇಂಗ್ಲಿಷ್. ನಾಟ್ ಬಂಟ್ಸ್.”

“ಇಂಗ್ಲಿಷರಿಗೂ ತಂಗಿಯರು ಇರ್ತಾರೆ. ನೋಡು ನೀನು.”

ಇದ್ದಳು. ಬಿಯರಿನವರ ಊರಿನ ಚರ್ಚಿನ ದಾಖಲೆಗಳನ್ನು ನೋಡಿಕೊಳ್ಳುವ ವೃದ್ಧೆಯೊಬ್ಬರಿಗೆ ಇವರು ಮೊದಲಿನಿಂದಲೂ ಇಮೇಲ್ ಬರೆಯುತ್ತಿದ್ದರು. ಅವರಿಗೇ ಇವರ ಇಮೇಲಿನಿಂದ ಮಗಳ ಕೈಯಲ್ಲಿ ಬರೆಸಿದೆ. ವಾರದೊಳಗೆ ಉತ್ತರ ಬಂತು. ತಂಗಿಯ ಮಗ ಮಾವನ ಮನೆತನದ ಹೆಸರಿಟ್ಟುಕೊಂಡು ಬ್ರೂವರಿಯನ್ನೂ ಮಂಗಳೂರಿನ ವ್ಯಾಪಾರವನ್ನೂ ನಡೆಸಿದ್ದ. ಅವನ ಪತ್ರಗಳು ಮರಿಮೊಮ್ಮಗಳ ಬಳಿ ಇನ್ನೂ ಇದ್ದವು.

ಆ ವೃದ್ಧೆ ಕಳಿಸಿದ ನಕಲುಗಳು ದಪ್ಪ ಲಕೋಟೆಯಲ್ಲಿ ಬಂದವು. ಮೇಲೆ ಇವರ ಹೆಸರೇ ಇತ್ತು. ಇವರು ಹೋದದ್ದನ್ನು ಆಕೆಗೆ ತಿಳಿಸಲು ನನ್ನಿಂದ ಆಗಿರಲಿಲ್ಲ. ಮಗಳು ಗಟ್ಟಿಯಾಗಿ ಓದಿದಳು. ಹಡಗು ತಡವಾದದ್ದು, ಮಳೆ, ಹುಳಿಯಾದ ಬಿಯರು. ಒಂದು ಪತ್ರದಲ್ಲಿ ಮಂಗಳೂರಿನ ಪೀಪಾಯಿಯವನ ವಿಷಯ ಬಂತು. ಪೀಪಾಯಿಗೆ ಬಡಿದು, ಕಿವಿಗೊಟ್ಟು, ಬಿರುಕು ಎಲ್ಲಿದೆಯೆಂದು ಹೇಳುತ್ತಾನೆ, ಅವನಂಥವನು ಇಂಗ್ಲೆಂಡಿನಲ್ಲೂ ಇಲ್ಲ ಎಂದು ಬರೆದಿತ್ತು. ಮಗಳು ಹಾಳೆ ತಿರುಗಿಸಿದಳು. ಮುಂದಿನ ಪತ್ರಗಳಲ್ಲೂ ಅಜ್ಜಿಯ ಸೋದರಮಾವ ‘ನಮ್ಮ ಪೀಪಾಯಿಯವನು’ ಮಾತ್ರ.

ಬಿಯರಿನವರ ಎಂಟು ತಲೆಮಾರು ಈಗ ನನ್ನ ಬಳಿ ಇದೆ. ಆ ಮಾವನ ಹೆಸರು ಸಿಕ್ಕಿಲ್ಲ.