ಸೀಟು ತುಂಬದೆ ಹೊರಡದ ಬಸ್ಸು

ಏರ್‌ಪೋರ್ಟಿನಲ್ಲಿ ನನ್ನದು ಕ್ಲೀನಿಂಗ್ ಕೆಲಸ. ನಂದಿಯಿಂದ ಸ್ಕೂಟರಲ್ಲಿ ಬಂದು, ದೂರದ ಸ್ಟಾಫ್ ಪಾರ್ಕಿಂಗಲ್ಲಿ ನಿಲ್ಲಿಸಿ, ಶಟಲ್ ಬಸ್ಸು ಹತ್ತಬೇಕು. ನಡೆದು ಹೋಗೋಕೆ ಬಿಡಲ್ಲ. ಸೀಟೆಲ್ಲ ತುಂಬೋವರೆಗೂ ಡ್ರೈವರು ಬಸ್ಸು ತೆಗೆಯಲ್ಲ. ಹಾಜರಿಗೆ ಬೆರಳೊತ್ತೋ ಮಿಷನ್ನು ಮಾತ್ರ ಟರ್ಮಿನಲ್‌ನಲ್ಲಿದೆ. ಬಸ್ಸಲ್ಲಿ ಕೂತಿದ್ದರೂ ನನಗೆ ಲೇಟ್ ಮಾರ್ಕು.

"ಮನೆ ಬೇಗ ಬಿಡಮ್ಮ" ಅಂತಾರೆ ಸೂಪರ್‌ವೈಸರು. ಇನ್ನೆಷ್ಟು ಬೇಗ? ಊರಲ್ಲಿ ಹಾಲಿನ ಡೇರಿ ಬಾಗಿಲು ತೆಗೆಯೋ ಮುಂಚೆಯೇ ಬಿಟ್ಟಿರ್ತೀನಿ.

ಅವರ ಕಾರಿಗೆ ಟರ್ಮಿನಲ್ ಪಕ್ಕದಲ್ಲೇ ಜಾಗ. ಹೋದ ವಾರ ಕಾರು ಕೆಟ್ಟು, ಅವರೂ ನಮ್ಮ ಬಸ್ಸು ಹತ್ತಿದರು. ಒಳಗೆ ಇದ್ದದ್ದು ನಾವಿಬ್ಬರೇ. ಅವರು ಕೂತಿದ್ದೇ ತಡ, ಡ್ರೈವರು ಬಸ್ಸು ತೆಗೆದ.

ಇಳಿಯುವಾಗ ಅವರು ವಾಚು ನೋಡಿಕೊಂಡು ಹೇಳಿದರು, "ಬಸ್ಸು ಸರಿಯಾಗೇ ಓಡ್ತಿದೆಯಲ್ಲಮ್ಮ."